ಪುಟ ಮೂವತ್ತನಾಲ್ಕು, ಸಾಲು ಏಳು

ಅಳಿವೆಯ ಎರಡು ದಡಗಳಲ್ಲಿ ಎರಡು ನಗರಗಳಿದ್ದವು. ನಡುವೆ ಇಪ್ಪತ್ತು ನಿಮಿಷದ ಲಾಂಚು ಪ್ರಯಾಣ ಮತ್ತು ಕಾರಣ ಯಾರಿಗೂ ನೆನಪಿಲ್ಲದ ಒಂದು ಜಿದ್ದು. ಈಚೆ ಊರಿನಲ್ಲಿ ಬಂದರು, ಹದಿನಾಲ್ಕು ಐಸ್ ಫ್ಯಾಕ್ಟರಿ, ಮೀನನ್ನು ಡಬ್ಬಿಗೆ ತುಂಬುವ ಎರಡು ಕಾರ್ಖಾನೆ. ಆಚೆ ಊರಿನಲ್ಲಿ ಸಿಮೆಂಟು ಕಾರ್ಖಾನೆ, ದೊಡ್ಡಾಸ್ಪತ್ರೆ, ಕಾಲೇಜು. ಈಚೆಯವರು ಕಾಯಿಲೆ ಬಿದ್ದರೆ ಆಚೆ ಹೋಗಬೇಕು, ಆಚೆಯವರಿಗೆ ತಾಜಾ ಮೀನು ಬೇಕಾದರೆ ಈಚೆ ಬರಬೇಕು. ಹೀಗಾಗಿ ದಿನಕ್ಕೆ ಆರು ಸಾವಿರ ಜನ ಲಾಂಚು ಹತ್ತಿ, ಬೈದುಕೊಂಡೇ ಹೋಗಿ ಬೈದುಕೊಂಡೇ ಬರುತ್ತಿದ್ದರು. ಈ ಆರು ಸಾವಿರ ಎಂಬುದು ಹಳದಿ ಪುಸ್ತಕದ ಅಂಕಿ. ಅದನ್ನು ಎಷ್ಟು ನಂಬಬೇಕೆಂಬುದನ್ನು ಕತೆ ಮುಗಿದ ಮೇಲೆ ಓದುಗರೇ ತೀರ್ಮಾನಿಸಿಕೊಳ್ಳಬಹುದು.

ಹಳದಿ ಪುಸ್ತಕವೆಂದರೆ ಈಚೆ ಊರಿನ ಅಂಕಿಅಂಶ ಕಚೇರಿ ಪ್ರತಿ ಜನವರಿಯಲ್ಲಿ ಹೊರತರುವ ನಗರ ಪರಿಚಯ. ಎಷ್ಟು ಜನ, ಎಷ್ಟು ಮನೆ, ಗಂಡಸರೆಷ್ಟು, ಹೆಂಗಸರೆಷ್ಟು, ಓದು ಬಲ್ಲವರೆಷ್ಟು, ಯಾವ ಕಸುಬಿನಲ್ಲಿ ಎಷ್ಟು ಮಂದಿ ಎಂದು ಇನ್ನೂರ ಹನ್ನೆರಡು ಕಾಲಮ್ಮುಗಳಲ್ಲಿ ಹೇಳುವ ಗ್ರಂಥ. ಅದನ್ನು ಪೂರ್ತಿ ಓದಿದವಳು ಊರಿನಲ್ಲಿ ಒಬ್ಬಳೇ, ಬರೆದವಳು. ಕಚೇರಿಯಲ್ಲಿ ಅವಳನ್ನು ಶೇಕಡಕ್ಕ ಎನ್ನುತ್ತಿದ್ದರು. ಮಳೆ ಬರುತ್ತದಾ ಎಂದು ಕೇಳಿದರೂ ಶೇಕಡಾ ಅರವತ್ತು ಎಂದು ಉತ್ತರಿಸುವ ಪೈಕಿ. ವಯಸ್ಸು ಐವತ್ತೆರಡು, ಮದುವೆಯಾಗಿಲ್ಲ. ಆ ಬಗ್ಗೆ ಕೇಳಿದವರಿಗೂ ಅವಳ ಬಳಿ ಒಂದು ಶೇಕಡಾ ಇತ್ತು.

ಹನ್ನೊಂದು ವರ್ಷದಿಂದ ಆ ಪುಸ್ತಕ ಅವಳದೇ ಕೈಕೂಸು. ಇನ್ನೂರ ಹನ್ನೆರಡು ಕಾಲಂ ತುಂಬಿಸಲು ಕಚೇರಿಯಲ್ಲಿದ್ದದ್ದು ಅವಳು, ಒಬ್ಬ ಜವಾನ ಮತ್ತು ಟೈರಿಲ್ಲದ ಒಂದು ಜೀಪು. ಆದರೂ ಯಾವ ಕಾಲಮ್ಮೂ ಖಾಲಿ ಬಿದ್ದದ್ದಿಲ್ಲ. ಇಲಾಖೆಯ ಕೈಪಿಡಿಯಲ್ಲಿ ಒಂದು ದಯಾಮಯವಾದ ನಿಯಮವಿತ್ತು: ಮಾಹಿತಿ ಸಿಗದಿದ್ದಲ್ಲಿ, ಅದೇ ಸ್ವರೂಪದ ನೆರೆನಗರದ ಅಂಕಿಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ನೆರೆನಗರವೆಂದರೆ ಆಚೆ ಊರು. ಅಲ್ಲಿನ ಕಚೇರಿ ಪ್ರತಿ ಜುಲೈಯಲ್ಲಿ ಒಂದು ನೀಲಿ ಪುಸ್ತಕ ತರುತ್ತಿತ್ತು. ಶೇಕಡಕ್ಕ ಅದನ್ನು ಅಂಚೆಯಲ್ಲಿ ತರಿಸಿಕೊಂಡು, ತನಗೆ ಗೊತ್ತಿಲ್ಲದ ಸಾಲುಗಳಿಗೆ ಅದರ ಅಂಕಿ ಎತ್ತಿಕೊಂಡು, ತನ್ನೂರು ಹಿಂದೆ ಬೀಳಬಾರದೆಂದು ಹತ್ತರಲ್ಲೊಂದು ಪಾಲು ಸೇರಿಸುತ್ತಿದ್ದಳು. ಇದನ್ನು ಅವಳು ಸುಳ್ಳು ಎಂದುಕೊಂಡಿರಲಿಲ್ಲ. ಸುಳ್ಳಿಗೆ ಕೈಪಿಡಿಯಲ್ಲಿ ನಿಯಮ ಇರುವುದಿಲ್ಲವಲ್ಲ.

ಪುಟ ಮೂವತ್ತನಾಲ್ಕು, ಸಾಲು ಏಳು: ಬಲೆ ಹೆಣೆಯುವವರು. ಕಳೆದ ಜುಲೈಯ ನೀಲಿ ಪುಸ್ತಕದಲ್ಲಿ 1,740. ಈ ಜನವರಿಯ ಹಳದಿ ಪುಸ್ತಕದಲ್ಲಿ 1,914.

ಈ ಒಂದು ಸಾಲಿನ ಮೇಲೆ ಅವಳಿಗೆ ವಿಶೇಷ ಮಮತೆ, ಏಕೆಂದರೆ ಅವಳನ್ನು ಸಾಕಿದ ಚಿಕ್ಕಮ್ಮ ಬಲೆ ಹೆಣೆಯುವವಳು. ಎಪ್ಪತ್ತೊಂದು ವರ್ಷದ ಚಿಕ್ಕಮ್ಮ ಈಗಲೂ ಬೆಳಿಗ್ಗೆ ಎಂಟಕ್ಕೆ ಬಂದರಿನ ಹಳೆಯ ಶೆಡ್ಡಿಗೆ ಹೋಗಿ, ಹರಿದ ಬಲೆಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಸಂಜೆ ಐದರವರೆಗೆ ಅದರ ಹರಿದ ಕಣ್ಣುಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು. ಜೊತೆಗೆ ಇನ್ನಿಬ್ಬರು. ಒಬ್ಬ ರೇಡಿಯೋ, ಬಾಯಿ ಮುಚ್ಚುವ ಗುಂಡಿ ಇಲ್ಲದ್ದರಿಂದ ಆ ಹೆಸರು. ಇನ್ನೊಬ್ಬಳು ಅವನ ನಾದಿನಿ, ಅವನ ಮಾತು ಕೇಳಿ ಕೇಳಿಯೇ ಮೂಕಿಯಾದಂತಿದ್ದವಳು. ಮೂರು ಜನರನ್ನು ಕಣ್ಣಾರೆ ಕಂಡ ಮೇಲೂ ಉಳಿದ ಸಾವಿರದ ಒಂಬೈನೂರ ಹನ್ನೊಂದು ಮಂದಿ ಎಲ್ಲಿದ್ದಾರೆಂದು ಶೇಕಡಕ್ಕ ಯೋಚಿಸಿರಲಿಲ್ಲ. ಊರು ದೊಡ್ಡದು, ಉತ್ತರದ ಕಡೆ ಇರಬಹುದು ಎಂದುಕೊಂಡಿದ್ದಳು. ಉತ್ತರದ ಕಡೆಗೆ ಅವಳು ಹೋಗಿ ಒಂಬತ್ತು ವರ್ಷವಾಗಿತ್ತು.

ಪುಸ್ತಕ ಅಚ್ಚಾದ ದಿನ ಆ ಪುಟ ತೆರೆದು ಚಿಕ್ಕಮ್ಮನಿಗೆ ಓದಿ ಹೇಳಿದ್ದಳು.

"ನಿಮ್ಮ ಕಸುಬಿನವರು ಸಾವಿರದ ಒಂಬೈನೂರ ಹದಿನಾಲ್ಕು ಜನ ಇದ್ದಾರೆ ಚಿಕ್ಕಮ್ಮ."

"ಹೌದಾ? ಅವರಲ್ಲಿ ಒಬ್ಬರನ್ನ ಕಳಿಸೋಕೆ ಹೇಳು. ಸೋಮವಾರದೊಳಗೆ ಇದು ಮುಗೀಬೇಕು" ಎಂದು ಚಿಕ್ಕಮ್ಮ ದಾರ ಕಚ್ಚಿ ಹರಿದಳು.

ಫೆಬ್ರವರಿ ಮೂರಕ್ಕೆ ರಾಜಧಾನಿಯಿಂದ ಪತ್ರ ಬಂತು. ಎರಡು ನೆರೆನಗರಗಳ ಪೈಕಿ ಬಲೆ ಹೆಣೆಯುವವರು ಹೆಚ್ಚಿರುವ ಊರಿಗೆ ಎರಡು ಸಾವಿರ ಮಂದಿ ಕೂರುವ ಮೂರಂತಸ್ತಿನ ಭವನವೊಂದನ್ನು ಕೊಡುವುದೆಂದು ಸರ್ಕಾರ ನಿಶ್ಚಯಿಸಿದ್ದು, ಪ್ರಕಟಿತ ಅಂಕಿಗಳ ಆಧಾರದ ಮೇಲೆ ಈಚೆ ಊರು ನೂರ ಎಪ್ಪತ್ತನಾಲ್ಕು ಮಂದಿಯಿಂದ ಗೆದ್ದಿತ್ತು. ಕಚೇರಿಯ ಮುಖ್ಯಸ್ಥರಾದ ಸಾಹೇಬರು ಖುಷಿಯಿಂದ ಬಿಸ್ಕತ್ತು ತರಿಸಿದರು. ಸೂಪರಿಂಟೆಂಡೆಂಟ್ ಹುದ್ದೆಗೆ ಶೇಕಡಕ್ಕನ ಹೆಸರಿದ್ದ ಫೈಲನ್ನು ಮೇಜಿನ ಎಡಗಡೆಯ ರಾಶಿಯಿಂದ ಬಲಗಡೆಯ ರಾಶಿಗೆ ಎಲ್ಲರೆದುರೇ ಎತ್ತಿಟ್ಟರು. ಎಡಗಡೆಯ ರಾಶಿಯಲ್ಲಿ ಫೈಲುಗಳು ಮಲಗುತ್ತಿದ್ದವು, ಬಲಗಡೆಯದರಲ್ಲಿ ನಡೆಯುತ್ತಿದ್ದವು. ಆಚೆ ಊರಿನವರ ಮುಖ ಈಗ ಹೇಗಿರಬಹುದು ಎಂಬ ಬಗ್ಗೆ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಚರ್ಚೆ ನಡೆಯಿತು. ಶೇಕಡಕ್ಕ ಎರಡು ಬಿಸ್ಕತ್ತು ತಿಂದು, ಎರಡನ್ನು ಕಾಗದದಲ್ಲಿ ಸುತ್ತಿ ಚಿಕ್ಕಮ್ಮನಿಗೆಂದು ಬಂದರಿಗೆ ಹೊರಟಳು.

ಶೆಡ್ಡಿನ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗುಣಾಕಾರದ ಗುರುತು ಬಿದ್ದಿತ್ತು, ಇನ್ನೂ ಒಣಗಿರಲಿಲ್ಲ. ಬೆಳಿಗ್ಗೆ ಟೇಪು ಹಿಡಿದವರು ಬಂದಿದ್ದರಂತೆ. ನಾಲ್ಕೂ ಕಡೆ ಅಳೆದರಂತೆ. ಮಾರ್ಚಿ ಒಂದಕ್ಕೆ ಶೆಡ್ಡು ಒಡೆಯುತ್ತಾರೆ, ಇಲ್ಲೇ ಭವನ ಏಳುತ್ತದೆ, ಎರಡು ವರ್ಷ ಆಗುತ್ತದೆ, ಅಲ್ಲಿಯವರೆಗೆ ನೀವು ಎಲ್ಲಾದರೂ ನೋಡಿಕೊಳ್ಳಿ ಎಂದರಂತೆ. ಇಷ್ಟನ್ನು ರೇಡಿಯೋ ಮೂರು ಸಲ ಹೇಳಿದ, ಪ್ರತಿ ಸಲವೂ ಟೇಪಿನ ಉದ್ದ ಹೆಚ್ಚಾಗುತ್ತ ಹೋಯಿತು. ಬಲೆ ಹರಡಲು ಅರವತ್ತು ಅಡಿ ನೆಲ ಬೇಕು, ತಲೆಯ ಮೇಲೆ ನೆರಳು ಬೇಕು, ದೋಣಿ ಪಕ್ಕದಲ್ಲಿರಬೇಕು. ಈ ಮೂರೂ ಇರುವ ಜಾಗ ಇಡೀ ಬಂದರಿನಲ್ಲಿ ಇದೊಂದೇ.

"ಆಮೇಲೆ ಮೂರನೇ ಮಹಡಿಯಲ್ಲಿ ಕೂರಬೇಕಂತೆ" ಎಂದಳು ಚಿಕ್ಕಮ್ಮ. "ಬಲೆ ಹೊತ್ಕೊಂಡು ಹೋಗೋದು ಯಾರು, ಇವನಾ? ಇವನು ಮಾತು ಬಿಟ್ಟು ಬೇರೇನೂ ಎತ್ತಲ್ಲ. ಎರಡು ಸಾವಿರ ಜನ ಇದ್ದಾರೆ ಅಂತ ಅವರಿಗೆ ಯಾವ ಪುಣ್ಯಾತ್ಮ ಹೇಳಿದ್ದು?"

ಪುಣ್ಯಾತ್ಮಳು ಬಿಸ್ಕತ್ತಿನ ಪೊಟ್ಟಣವನ್ನು ಕೈಯಲ್ಲೇ ಹಿಂಡುತ್ತ ನಿಂತಿದ್ದಳು. ತಾಯಿ ತೀರಿಕೊಂಡ ವರ್ಷ ಅವಳಿಗೆ ಆರು. ಇದೇ ಶೆಡ್ಡಿನಲ್ಲಿ, ಮಡಚಿಟ್ಟ ಬಲೆಯ ಮೇಲೆ ಮಧ್ಯಾಹ್ನದ ನಿದ್ದೆ ಮಾಡಿ, ಬಲೆಯ ಕಣ್ಣುಗಳನ್ನು ಎಣಿಸಿ ಎಣಿಸಿಯೇ ಅವಳು ಲೆಕ್ಕ ಕಲಿತದ್ದು. ಆಗ ಅವಳ ಎಣಿಕೆ ತಪ್ಪುತ್ತಿರಲಿಲ್ಲ.

"ನಾನೇ ಚಿಕ್ಕಮ್ಮ" ಎಂದಳು.

ಚಿಕ್ಕಮ್ಮ ಸೂಜಿ ಕೆಳಗಿಟ್ಟಳು. ಬಯ್ಯಲಿಲ್ಲ. ಪೊಟ್ಟಣ ಇಸಕೊಂಡು, ಒಳಗಿನ ಪುಡಿಯನ್ನು ಮೂವರಿಗೂ ಸಮನಾಗಿ ಹಂಚಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡು ದಿನ ರಜೆ ಹಾಕಿ ಶೇಕಡಕ್ಕ ಉತ್ತರದ ಕಡೆಗೆ ಹೋದಳು. ಐಸ್ ಫ್ಯಾಕ್ಟರಿಗಳ ಹಿಂದಿನ ಗಲ್ಲಿ, ದೋಣಿ ಕಟ್ಟುವ ಅಂಗಳ, ಉಪ್ಪಿನ ಗೋದಾಮು, ಎಲ್ಲಿ ಹುಡುಕಿದರೂ ಬಲೆ ಹೆಣೆಯುವವರಿರಲಿ, ಬಲೆ ಹೆಣೆಯುವವರನ್ನು ಕಂಡವರೂ ಸಿಗಲಿಲ್ಲ. ಒಬ್ಬ ದೋಣಿ ಮಾಲೀಕ ಅವಳನ್ನು ಕನಿಕರದಿಂದ ನೋಡಿ, ಈಗೆಲ್ಲ ಮಿಷನ್ನಿನ ನೈಲಾನು, ಹರಿದರೆ ಬಿಸಾಕಿ ಹೊಸದು ತರುತ್ತೇವೆ, ತೀರಾ ದೊಡ್ಡ ಬಲೆಯಾದರೆ ಮಾತ್ರ ಬಂದರಿನ ಆ ಮೂವರ ಹತ್ತಿರ ಕೊಡುತ್ತೇವೆ ಎಂದು ವಿವರಿಸಿದ. ಜೊತೆಗೆ, ಐಸ್ ಫ್ಯಾಕ್ಟರಿಗಳಲ್ಲಿ ಐದಕ್ಕೆ ಬೀಗ ಬಿದ್ದು ನಾಲ್ಕು ವರ್ಷವಾಯಿತೆಂದೂ ತಿಳಿಸಿದ. ಹಳದಿ ಪುಸ್ತಕದ ಇನ್ನೊಂದು ಪುಟ ಅವಳ ಕಣ್ಣೆದುರೇ ಕಿತ್ತು ಬಂತು.

ಉಳಿದದ್ದು ಒಂದೇ ದಾರಿ. ಆಚೆ ಊರಿನ ಅಂಕಿ ಈಚೆಯದಕ್ಕಿಂತ ಮೇಲೇರಿಬಿಟ್ಟರೆ ಭವನ ಅಳಿವೆ ದಾಟಿ ಹೋಗುತ್ತದೆ. ಅಲ್ಲಿ ಹೇಗೂ ಸಾವಿರದ ಏಳುನೂರ ನಲವತ್ತು ಮಂದಿ ನಿಜವಾಗಿ ಇದ್ದಾರೆ, ಅವರಿಗಾದರೂ ನೆರಳಾಗಲಿ. ನೀಲಿ ಪುಸ್ತಕದವನನ್ನು ಕಂಡು, ಇನ್ನೂರು ಜನರನ್ನು ಏರಿಸಲು ಕೇಳಿಕೊಳ್ಳುವುದೆಂದು ಅವಳು ಲಾಂಚು ಹತ್ತಿದಳು. ಹನ್ನೊಂದು ವರ್ಷ ಯಾರನ್ನು ಸೋಲಿಸಲು ಬೆವರು ಸುರಿಸಿದ್ದಳೋ ಅವನ ಎದುರು ಈಗ ಸೋಲಿಸಪ್ಪಾ ಎಂದು ಕೈಮುಗಿಯಬೇಕು. ಇಪ್ಪತ್ತು ನಿಮಿಷವೂ ಅವಳು ಸಹಪ್ರಯಾಣಿಕರ ಜೊತೆ ಸೇರಿ ಆಚೆ ಊರನ್ನು ಬೈದಳು, ಅಭ್ಯಾಸ ತಪ್ಪಬಾರದಲ್ಲ.

ಆಚೆ ಕಚೇರಿ ಒಂದು ಚಪ್ಪಲಿ ಅಂಗಡಿಯ ಮೇಲಿತ್ತು. ನೀಲಿ ಪುಸ್ತಕದ ಕರ್ತೃ ಕೊರಳಿಗೆ ಎರಡು ಕನ್ನಡಕ ನೇತುಹಾಕಿಕೊಂಡಿದ್ದ ಸಣಕಲು ಮನುಷ್ಯ. ಅವಳು ತಾನು ಯಾರೆಂದು ಹೇಳುತ್ತಲೇ ಎದ್ದು ನಿಂತು ಕುರ್ಚಿ ಒರೆಸಿದ, ಚಹಾ ತರಿಸಿದ. ಅವಳು ವಿಷಯ ಹೇಳುತ್ತ ಹೋದಂತೆ ಕನ್ನಡಕ ಬದಲಿಸುತ್ತ ಹೋದ. ಕೊನೆಗೆ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ.

"ಮೇಡಂ, ನನ್ನ ಹತ್ರ ಬಲೆ ಹೆಣೆಯೋರು ಎರಡೇ ಜನ ಇರೋದು."

"ಸಾವಿರದ ಏಳುನೂರ ನಲವತ್ತು ಅಂತ ಹಾಕಿದ್ದೀರಲ್ಲ ಸಾರ್?"

"ನಿಮ್ಮ ಪುಸ್ತಕದಿಂದ ತಗೊಂಡಿದ್ದು. ಕೈಪಿಡೀಲಿ ಇದೆಯಲ್ಲ, ನೆರೆನಗರ." ಆತ ತಗ್ಗಿದ ದನಿಯಲ್ಲಿ ಸೇರಿಸಿದ: "ಸ್ವಲ್ಪ ಮೇಲೆ ಹಾಕ್ಕೊಂಡಿದ್ದೀನಿ. ನಮ್ಮೂರು ಹಿಂದೆ ಬೀಳಬಾರದು ಅಂತ."

"ಎಷ್ಟು ಮೇಲೆ?"

"ಹತ್ತರಲ್ಲೊಂದು."

ಆತನ ಕಪಾಟಿನಲ್ಲಿದ್ದ ಎರಡೂ ಊರಿನ ಹಳೆಯ ಪುಸ್ತಕಗಳನ್ನು ಇಬ್ಬರೂ ಮೇಜಿನ ಮೇಲೆ ಹರಡಿದರು. ಜನವರಿಯದು, ಜುಲೈಯದು, ಮತ್ತೆ ಜನವರಿಯದು ಎಂದು ಹಿಂದೆ ಹಿಂದೆ ಹೋದಂತೆ ಬಲೆ ಹೆಣೆಯುವವರು ಮೆಟ್ಟಿಲಿಳಿದಂತೆ ಕಡಿಮೆಯಾಗುತ್ತ ಹೋಗಿ, ಹನ್ನೊಂದು ವರ್ಷದ ಹಿಂದಿನ ಹಳದಿ ಪುಸ್ತಕದಲ್ಲಿ ಇನ್ನೂರ ನಲವತ್ತಕ್ಕೆ ನಿಂತರು. ಆ ಇನ್ನೂರ ನಲವತ್ತನ್ನು ನಿಜವಾಗಿಯೂ ಯಾರೋ ಎಣಿಸಿದ್ದರು. ಆ ಬಳಿಕ ಯಾರೂ ಎಣಿಸಿರಲಿಲ್ಲ. ಎರಡು ನಗರಗಳೂ ಒಂದರ ಬೆನ್ನು ಒಂದು ತಟ್ಟಿಕೊಂಡು, ಇಲ್ಲದ ಜನರನ್ನು ಹೆತ್ತು ಹೊತ್ತು ಸಾಕಿದ್ದವು. ಕ್ಷೌರಿಕರ ಸಾಲು, ಟೈಲರುಗಳ ಸಾಲು, ಗಡಿಯಾರ ರಿಪೇರಿಯವರ ಸಾಲನ್ನು ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ತನ್ನ ಪುಸ್ತಕವನ್ನು ಇಷ್ಟು ಶ್ರದ್ಧೆಯಿಂದ ಓದಿದ ಇನ್ನೊಂದು ಜೀವವಿದೆಯೆಂದು ಶೇಕಡಕ್ಕನಿಗೆ ಅಂದೇ ಗೊತ್ತಾದದ್ದು. ಖುಷಿಪಡಲು ಹೊತ್ತು ಸರಿಯಿರಲಿಲ್ಲ, ಅಷ್ಟೇ.

ಇನ್ನೂರು ಜನರನ್ನು ಏರಿಸಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಏರಿಸಿದರೆ ಆಚೆ ದಡದ ಆ ಇಬ್ಬರ ಜಾಗಕ್ಕೆ ಕೆಂಪು ಗುರುತು ಬೀಳುತ್ತದೆ. ಅವರಿಗೂ ಎಲ್ಲೋ ಒಂದು ಶೆಡ್ಡಿರಬೇಕು, ಯಾರೋ ಒಬ್ಬ ರೇಡಿಯೋ ಇರಬೇಕು.

ಮರುದಿನ ಅವಳು ಸಾಹೇಬರ ಮೇಜಿನ ಮೇಲೆ ಬೆರಳಗಲದ ಒಂದು ಚೀಟಿ ಇಟ್ಟಳು. ಒಪ್ಪೋಲೆ. ಅಚ್ಚಾದ ಪುಸ್ತಕದ ತಪ್ಪುಗಳನ್ನು ಒಪ್ಪಿಕೊಂಡು, ಕೊನೆಯ ಪುಟಕ್ಕೆ ಅಂಟಿಸುವ ಚೀಟಿ. ಆ ಕಚೇರಿಯ ಇತಿಹಾಸದಲ್ಲಿ ಅದುವರೆಗೆ ಬಂದ ಒಪ್ಪೋಲೆ ಒಂದೇ, ಅದೂ ಹಿಂದಿನ ಸಾಹೇಬರ ಪದವಿಯ ಜೊತೆಗಿದ್ದ ಒಂದು ಚುಕ್ಕೆಯ ಬಗ್ಗೆ. ಇದರಲ್ಲಿ ಹೀಗಿತ್ತು: ಪುಟ 34, ಸಾಲು 7, '1,914' ಎಂದಿರುವುದನ್ನು '3' ಎಂದು ಓದಿಕೊಳ್ಳುವುದು.

ಸಾಹೇಬರು ಓದಿಕೊಂಡರು. ಚೀಟಿಯನ್ನು ತಿರುಗಿಸಿ ಹಿಂಬದಿಯಲ್ಲಿ ಇನ್ನೇನಾದರೂ ಸಮಾಧಾನ ಇದೆಯೇ ಎಂದು ನೋಡಿದರು. ಶೇಕಡಕ್ಕ ಶೆಡ್ಡಿನಿಂದ ಹಿಡಿದು ಚಪ್ಪಲಿ ಅಂಗಡಿಯ ಮಾಳಿಗೆಯವರೆಗೆ ಎಲ್ಲವನ್ನೂ ಹೇಳಿದಳು.

"ಅದೆಲ್ಲ ಇರಲಮ್ಮ. ಈ ಸಾವಿರದ ಒಂಬೈನೂರ ಹನ್ನೊಂದು ಜನ ಎಲ್ಲಿಗೆ ಹೋದ್ರು ಅಂತ ಬರೆಯೋಣ? ಸತ್ರು ಅಂದ್ರೆ ಮರಣದ ಕಾಲಂ ಉಬ್ಬುತ್ತೆ, ಆರೋಗ್ಯದವರು ಬಂದು ಕೂರ್ತಾರೆ. ವಲಸೆ ಹೋದ್ರು ಅಂದ್ರೆ ಆಚೆ ಊರಿನ ಜನಸಂಖ್ಯೆ ನಮ್ಮನ್ನ ದಾಟುತ್ತೆ." ಸಾಹೇಬರು ಕ್ಷಣ ಯೋಚಿಸಿದರು. "ಅದಕ್ಕಿಂತ ಸತ್ರು ಅನ್ನೋದೇ ವಾಸಿ."

"ಎಲ್ಲಿಗೂ ಹೋಗಿಲ್ಲ ಸಾರ್. ಅವರು ಬಂದೇ ಇರಲಿಲ್ಲ."

ಸಹಿ ಹಾಕಲು ಸಾಹೇಬರು ಒಪ್ಪಲಿಲ್ಲ. ನಿವೃತ್ತಿಗೆ ಏಳು ತಿಂಗಳಿರುವ ಮನುಷ್ಯ ಸಹಿಯನ್ನು ಎಲ್ಲೆಂದರಲ್ಲಿ ಬಿಸಾಕುವುದಿಲ್ಲ. ಆದರೆ ಕೈಪಿಡಿಯಲ್ಲಿ ಅದಕ್ಕೂ ಒಂದು ನಿಯಮವಿತ್ತು. ಒಪ್ಪೋಲೆಗೆ ಪುಸ್ತಕ ಬರೆದವರ ಸಹಿಯಷ್ಟೇ ಸಾಕು. ಹಿಂದೆ ಯಾವ ಅಧಿಕಾರಿಗೂ ಅಂಥದ್ದರ ಕೆಳಗೆ ತನ್ನ ಹೆಸರು ಬೇಕಿರಲಿಲ್ಲವಾದ್ದರಿಂದ ಆ ನಿಯಮ ಹುಟ್ಟಿತ್ತು. ಶೇಕಡಕ್ಕ ಅದನ್ನು ತೋರಿಸಿ, ಅಲ್ಲೇ ನಿಂತು ಸಹಿ ಹಾಕಿದಳು. ಸಾಹೇಬರು ಬಲಗಡೆಯ ರಾಶಿಯಿಂದ ಒಂದು ಫೈಲು ಎತ್ತಿ ಎಡಗಡೆಯ ರಾಶಿಯ ಅಡಿಗೆ ಸೇರಿಸಿದರು.

ಮುನ್ನೂರು ಚೀಟಿಗಳನ್ನು ಅವಳೇ ಸ್ಕೇಲು ಇಟ್ಟು ಕತ್ತರಿಸಿದಳು, ಅಂಟು ಹಚ್ಚಿದಳು, ಅಂಚೆಗೆ ಹಾಕಿದಳು. ಹಳದಿ ಪುಸ್ತಕ ತರಿಸಿಕೊಂಡು ತೆರೆಯದೇ ಇಟ್ಟಿದ್ದ ಪ್ರತಿಯೊಂದು ಕಚೇರಿಗೂ ಒಂದೊಂದು ಹೋಯಿತು. ಪುಸ್ತಕ ಓದದವರೆಲ್ಲ ಚೀಟಿಯನ್ನು ಓದಿದರು, ಚಿಕ್ಕದಿತ್ತು ನೋಡಿ.

ಒಂದು ವಾರಕ್ಕೆ ಆಚೆ ಊರಿನಿಂದಲೂ ಒಪ್ಪೋಲೆ ಬಂತು. ಆತನೂ ಗಂಡಸುತನ ತೋರಿಸಿದನಲ್ಲ ಎಂದು ಬಿಡಿಸಿ ನೋಡಿದರೆ, 1,740ನ್ನು 4 ಎಂದು ಓದಿಕೊಳ್ಳಬೇಕಂತೆ. ಅವಳು ಫೋನ್ ತಿರುಗಿಸಿದಳು.

"ಎರಡು ಅಂದಿದ್ರಲ್ಲ ಸಾರ್?"

"ನೀವು ಮೂರು ಅಂತ ಹಾಕಿದ್ರಲ್ಲ ಮೇಡಂ."

ಫೆಬ್ರವರಿ ಇಪ್ಪತ್ತಾರಕ್ಕೆ ರಾಜಧಾನಿಯಿಂದ ಉತ್ತರ ಬಂತು. ಅಷ್ಟು ಹೊತ್ತಿಗೆ ಬಂದರಿಗೆ ಹಾರೆ, ಸಲಿಕೆಗಳು ಬಂದಿಳಿದಿದ್ದವು. ರೇಡಿಯೋ ಅವುಗಳನ್ನು ಎಣಿಸಿ ಸುದ್ದಿ ಬಿತ್ತರಿಸಿದ್ದ, ನಾದಿನಿ ತನ್ನ ಸೂಜಿಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಉತ್ತರದಲ್ಲಿ ಎರಡು ಆಜ್ಞೆಗಳಿದ್ದವು. ಭವನದ ಪ್ರಸ್ತಾವ ಕೈಬಿಡಲಾಗಿದೆ, ಎರಡೂ ಊರಿಗೆ. ಎರಡನೆಯದಾಗಿ, ಸದರಿ ನೌಕರಳು ತನ್ನ ಪುಸ್ತಕದ ಇನ್ನೂರ ಹನ್ನೆರಡು ಕಾಲಮ್ಮುಗಳನ್ನೂ ಖುದ್ದಾಗಿ, ಸ್ಥಳಕ್ಕೆ ಹೋಗಿ, ತಲೆ ಎಣಿಸಿ ತುಂಬಿಸತಕ್ಕದ್ದು. ಇಲಾಖೆಯಲ್ಲಿ ಇದಕ್ಕಿಂತ ಕಠಿಣ ಶಿಕ್ಷೆ ಇರಲಿಲ್ಲ. ಓದಿದವರೆಲ್ಲ ಅವಳನ್ನು ಕೊನೆಯ ಸಲ ನೋಡುವಂತೆ ನೋಡಿದರು. ಜೀಪಿಗೆ ಟೈರು ಕೇಳಬೇಡಮ್ಮ ಎಂದು ಸಾಹೇಬರು ಮೊದಲೇ ತಿಳಿಸಿದರು.

ಅವಳು ಹೊಸ ನೋಟ್‌ಬುಕ್ಕು ತೆಗೆದುಕೊಂಡು ಎಲ್ಲಕ್ಕಿಂತ ಮೊದಲು ಶೆಡ್ಡಿಗೆ ಹೋದಳು. ಹಾರೆ ಸಲಿಕೆಗಳು ಹೊರಟುಹೋಗಿದ್ದವು. ಕೆಂಪು ಗುರುತಿನ ನಟ್ಟನಡುವೆ ಚಿಕ್ಕಮ್ಮ ಒಂದು ಮೊಳೆ ಹೊಡೆದು ತನ್ನ ಕೊಡೆ ನೇತುಹಾಕಿದ್ದಳು. ಬಲೆಯ ಒಂದು ತುದಿಯಲ್ಲಿ ಚಿಕ್ಕಮ್ಮ, ಇನ್ನೊಂದರಲ್ಲಿ ರೇಡಿಯೋ. ನಡುವೆ ಯಾರೂ ಇರಲಿಲ್ಲ.

ನಾದಿನಿ ಮೀನಿನ ಡಬ್ಬಿ ಕಾರ್ಖಾನೆಗೆ ಸೇರಿಕೊಂಡಳೆಂದು ರೇಡಿಯೋ ವರದಿ ಮಾಡಿದ. ಅಲ್ಲಿ ಕೂರಲು ಕುರ್ಚಿ ಕೊಡುತ್ತಾರಂತೆ, ಕೈಗೆ ಗ್ಲೌಸು ಕೊಡುತ್ತಾರಂತೆ, ಮಿಷನ್ನಿನ ಸದ್ದಿಗೆ ಯಾರ ಮಾತೂ ಕೇಳಿಸುವುದಿಲ್ಲವಂತೆ. ಕೊನೆಯದನ್ನು ಅವಳು ಯಾಕೆ ಅಷ್ಟು ಒತ್ತಿ ಹೇಳಿದಳೆಂದು ಅವನಿಗಿನ್ನೂ ತಿಳಿದಿರಲಿಲ್ಲ.

ಶೇಕಡಕ್ಕ ನೋಟ್‌ಬುಕ್ಕು ತೆರೆದು ನಿಂತೇ ಇದ್ದಳು. ಕೆಲಸ, ಮಾನ, ಬಡ್ತಿ ಎಲ್ಲವನ್ನೂ ಪಣಕ್ಕಿಟ್ಟು ಪ್ರಕಟಿಸಿದ ಮೂರು ಎಂಬ ಸತ್ಯ ಹತ್ತೊಂಬತ್ತು ದಿನ ಬಾಳಿತ್ತು. ಈಗ ಒಪ್ಪೋಲೆಗೇ ಒಂದು ಒಪ್ಪೋಲೆ ಬೇಕು. ಆಚೆ ದಡದಲ್ಲಿ ಒಬ್ಬ ನಾಲ್ಕು ಹಿಡಿದುಕೊಂಡು ಕಾಯುತ್ತಿದ್ದಾನೆ.

"ಎರಡು ಅಂತ ಬರೆಯೋಕೆ ಇಷ್ಟು ಹೊತ್ತಾ?" ಎಂದಳು ಚಿಕ್ಕಮ್ಮ.

"ಮೂರು ಅಂತ ಸಹಿ ಹಾಕಿಬಿಟ್ಟಿದ್ದೀನಿ ಚಿಕ್ಕಮ್ಮ."

ಚಿಕ್ಕಮ್ಮ ಪಕ್ಕದಲ್ಲಿದ್ದ ಸೂಜಿಯನ್ನು ಅವಳತ್ತ ಎಸೆದಳು. "ಹಾಗಾದ್ರೆ ಕೂತ್ಕೋ. ಆ ತುದಿ ಹಿಡಿ."

ಶೇಕಡಕ್ಕ ಚಪ್ಪಲಿ ಬಿಟ್ಟು, ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂತಳು. ನಲವತ್ತು ವರ್ಷದ ಹಿಂದೆ ಈ ಬೆರಳುಗಳಿಗೆ ಬರುತ್ತಿದ್ದ ಗಂಟು ಅದು. ಅರ್ಧ ಗಂಟೆಯಲ್ಲಿ ಒಂಬತ್ತು ಕಣ್ಣು ಹಾಕಿದಳು, ಹತ್ತನೆಯದನ್ನು ಅಂದಾಜಿನ ಮೇಲೆ ಮುಗಿಸಿದಳು. ಚಿಕ್ಕಮ್ಮ ಬಗ್ಗಿ, ಸಾಲನ್ನು ಬೆರಳಲ್ಲಿ ಎಳೆದು ನೋಡಿದಳು. ನಾಲ್ಕು ಗಂಟು ನಿಂತವು, ಉಳಿದವು ಜಾರಿ ಬಿಚ್ಚಿಕೊಂಡವು.

"ನಿನ್ನನ್ನ ಅರ್ಧ ಅಂತ ಬರ್ಕೋ" ಎಂದಳು.

ಶೇಕಡಕ್ಕ ಹಾಗೇ ಬರೆದುಕೊಂಡಳು. ಆ ವರ್ಷವಿಡೀ ಬೀದಿ ಬೀದಿ ಸುತ್ತಿ, ಎರಡು ಜೊತೆ ಚಪ್ಪಲಿ ಸವೆಸಿ, ಇನ್ನೂರ ಹನ್ನೆರಡು ಕಾಲಮ್ಮನ್ನೂ ಎಣಿಸಿಯೇ ತುಂಬಿಸಿದಳು. ಊರು ಅವಳ ಪುಸ್ತಕಕ್ಕಿಂತ ಹನ್ನೊಂದು ಸಾವಿರ ಜನ ಚಿಕ್ಕದಿತ್ತು. ಶನಿವಾರ ಮಧ್ಯಾಹ್ನಗಳಂದು ಶೆಡ್ಡಿನಲ್ಲಿ ಕೂತು ತನ್ನ ಅರ್ಧವನ್ನು ನಿಜ ಮಾಡುತ್ತಿದ್ದಳು. ಜನವರಿಯ ಹಳದಿ ಪುಸ್ತಕದ ಪುಟ ಮೂವತ್ತನಾಲ್ಕರ ಏಳನೇ ಸಾಲಿನಲ್ಲಿ 2.5 ಎಂದು ಅಚ್ಚಾಯಿತು. ಯಾರೂ ಕೇಳಲಿಲ್ಲ. ದಶಾಂಶ ಕಂಡರೆ ಜನ ಅದನ್ನು ವಿಜ್ಞಾನ ಎಂದುಕೊಂಡು ಮುಂದೆ ಹೋಗುತ್ತಾರೆ. ಹೊಸ ಸಾಹೇಬರಂತೂ ಇಷ್ಟು ನಿಖರವಾದ ಅಂಕಿಯನ್ನು ತಾವು ಕಂಡೇ ಇಲ್ಲವೆಂದು ಹೊಗಳಿ, ಎಡಗಡೆಯ ರಾಶಿಯ ಬುಡದಲ್ಲಿದ್ದ ಫೈಲನ್ನು ಒಮ್ಮೆ ಧೂಳು ಕೊಡವಿ ಅಲ್ಲೇ ಇಟ್ಟರು.

ಜುಲೈಯಲ್ಲಿ ಆಚೆ ಊರಿನ ನೀಲಿ ಪುಸ್ತಕ ಅಂಚೆಯಲ್ಲಿ ಬಂತು. ಅವಳು ಶನಿವಾರ ಅದನ್ನು ಶೆಡ್ಡಿಗೇ ಒಯ್ದು, ಬಲೆಯ ಮೇಲೆ ಕೂತು, ಬೇರೆ ಯಾವುದನ್ನೂ ನೋಡದೆ ನೇರ ಆ ಸಾಲಿಗೆ ಹೋದಳು. ಹತ್ತರಲ್ಲೊಂದು ಪಾಲು ಚಾಚೂ ತಪ್ಪದೆ ಸೇರಿತ್ತು: 2.75.

ಜೋರಾಗಿ ಓದಿ ಹೇಳಿದಳು. ರೇಡಿಯೋ ಅದನ್ನು ಕೂಡಲೇ ಮರುಪ್ರಸಾರ ಮಾಡಿದ.

ಚಿಕ್ಕಮ್ಮ ತಲೆ ಎತ್ತಲಿಲ್ಲ. "ಆ ಮುಕ್ಕಾಲಿನವನನ್ನ ಕಳಿಸೋಕೆ ಹೇಳು" ಎಂದು ದಾರ ಕಚ್ಚಿದಳು. "ನಿನಗಿಂತ ವಾಸಿ ಇದ್ದಾನೆ. ಸೋಮವಾರದೊಳಗೆ ಇದು ಮುಗೀಬೇಕು."